ನೆಲಾನೇ ಡೊಂಕಿತ್ತು: ಕೀಲಿ ಕೊಡುವ ಮೆಟ್ರೊನೋಮ್ ಜೊತೆ ಎರಡು ವರ್ಷ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ಕಥೆಯಲ್ಲಿ ನೆಲ ನಿಜವಾಗಿಯೂ ಡೊಂಕಿತ್ತು.

ಪಿಯಾನೋ ಪಕ್ಕದಲ್ಲಿ ಒಂದು ಪುಟ್ಟ ಮೇಜು ಇದೆ. ಹೊಸ ಮೆಟ್ರೊನೋಮನ್ನು, ಅಂದರೆ ಸಮವಾಗಿ ಟಿಕ್ ಟಿಕ್ ಅನ್ನುತ್ತಾ ಲಯ ತೋರಿಸುವ ಗೋಪುರದ ಆಕಾರದ ಮರದ ಯಂತ್ರವನ್ನು, ಡಬ್ಬಿಯಿಂದ ತೆಗೆದು ಅದರ ಮೇಲಿಟ್ಟೆ. ಕೀಲಿ ಕೊಟ್ಟು ತೂಗುವ ಕಡ್ಡಿಯನ್ನು ಕೊಕ್ಕೆಯಿಂದ ಬಿಡಿಸಿದೆ. ಟಿಕ್-ಟಾಕ್... ಟಿಕ್-ಟಾಕ್... ಎರಡು ಸದ್ದು ಅಂಟಿಕೊಂಡ ಹಾಗೆ, ಆಮೇಲೆ ಒಂದು ಗ್ಯಾಪ್. ಕಾಲು ಉಳುಕಿದವರು ನಡೆದ ಹಾಗಿತ್ತು. ಸಮವಾಗಿ ನುಡಿಸುವುದನ್ನು ಕಲಿಸಬೇಕಾದದ್ದೇ ಕುಂಟುತ್ತಿದೆಯಲ್ಲ ಅಂತ ಸಿಟ್ಟು ಬಂತು. ಮಾರಿದವರಿಗೆ ಫೋನ್ ಮಾಡಿ ಜೋರು ಮಾಡಿದೆ. ಆ ಕಡೆಯಿಂದ ಬಂದದ್ದು ಒಂದೇ ಪ್ರಶ್ನೆ: "ಮೇಡಂ, ಮೇಜು ಮಟ್ಟವಾಗಿದೆಯಾ ನೋಡ್ತೀರಾ?"

ಇರಲಿಲ್ಲ. ಮೇಜಿನ ಒಂದು ಕಾಲು ಗಿಡ್ಡ. ಹಳೇ ಬಿಲ್ಲೊಂದನ್ನು ನಾಲ್ಕು ಮಡಿಕೆ ಮಾಡಿ ಅದರ ಕೆಳಗೆ ತುರುಕಿದೆ. ಕುಂಟುವುದು ನಿಂತಿತು. ಕಡ್ಡಿ ನಡುಗೆರೆಯ ಎರಡೂ ಕಡೆಗೆ ಒಂದೇ ಅಳತೆಯಲ್ಲಿ ತೂಗಿದರೆ ಮಾತ್ರ ಸದ್ದು ಸಮವಾಗಿ ಬರುತ್ತೆ. ಕೆಳಗೆ ಸ್ವಲ್ಪ ವಾಲಿದರೂ ಲೆಕ್ಕ ತಪ್ಪುತ್ತೆ. ಹಾಗಾಗಿ ಇಂಥದ್ದನ್ನು ತಂದವರಿಗೆ ನನ್ನ ಮೊದಲ ಮಾತು ಇದೇ: ಬೈಯುವ ಮೊದಲು ಮೇಜಿನ ಕಾಲು ನೋಡಿ.

ನಾನು ಲೆಕ್ಕಪತ್ರ ಬರೆಯುವವಳು. ಪಿಯಾನೋ ಶುರು ಮಾಡಿದ್ದು 44ನೇ ವಯಸ್ಸಿಗೆ, ಮಗಳನ್ನು ಪಾಠಕ್ಕೆ ಕರೆದುಕೊಂಡು ಹೋಗಿ ಬೆಂಚಿನ ಮೇಲೆ ಸುಮ್ನೆ ಕೂತು ಬೇಜಾರಾಗಿ. ಮೂರು ತಿಂಗಳಿಗೆ ಟೀಚರ್ ಒಂದು ಮಾತು ಹೇಳಿದರು: "ನಿಮ್ಮ ಕೈ ಸುಲಭ ಇರೋ ಕಡೆ ಓಡುತ್ತೆ, ಕಷ್ಟ ಇರೋ ಕಡೆ ನಿಂತು ಯೋಚನೆ ಮಾಡುತ್ತೆ." ನಾನು ಒಪ್ಪಲಿಲ್ಲ. ನನ್ನ ಕಿವಿಗೆ ಎಲ್ಲವೂ ಸಮವಾಗಿಯೇ ಕೇಳುತ್ತಿತ್ತು. ಹಾಗಾದರೆ ಒಂದು ಮೆಟ್ರೊನೋಮ್ ಇಟ್ಟುಕೊಳ್ಳಿ ಅಂದರು.

ಫೋನಿನಲ್ಲಿ ಅದಕ್ಕೆ ಆ್ಯಪ್ ಇದೆಯಲ್ಲ, ಮರದ ಗೋಪುರ ಯಾಕೆ ಅಂತ ನೀವು ಕೇಳಬಹುದು. ನಾನೂ ಮೊದಲು ಆ್ಯಪನ್ನೇ ಹಾಕಿಕೊಂಡೆ. ತೊಂದರೆ ಆ್ಯಪಿನದ್ದಲ್ಲ, ಫೋನಿನದ್ದು. ಟೆಂಪೊ, ಅಂದರೆ ವೇಗ, ಬದಲಿಸಲು ಕೈಗೆತ್ತಿಕೊಂಡರೆ ಹತ್ತು ನಿಮಿಷ ಆದ ಮೇಲೆ ಇನ್ಯಾರದೋ ಮದುವೆ ಫೋಟೊ ನೋಡುತ್ತಾ ಕೂತಿರುತ್ತಿದ್ದೆ. ಗೋಪುರಕ್ಕೆ ಆ ಚಾಳಿ ಇಲ್ಲ.

ಇನ್ನೊಂದು ವ್ಯತ್ಯಾಸ ತಂದ ಮೇಲೆಯೇ ಗೊತ್ತಾಯಿತು. ಆ್ಯಪಿನ ಟಿಕ್ ಎಲ್ಲಿಂದಲೋ ಬಂದು ಹೊಡೆಯುತ್ತೆ. ಕೇಳಿಸುವ ಹೊತ್ತಿಗೆ ತಡವಾಗಿರುತ್ತೆ. ಕಡ್ಡಿಯಾದರೆ ಬರುತ್ತಿರುವುದು ಕಣ್ಣಿಗೆ ಕಾಣುತ್ತೆ. ಕಡ್ಡಿ ಆ ಕಡೆಯಿಂದ ಹೊರಟು ನಡುವಿಗೆ ಬರುವಷ್ಟರಲ್ಲಿ ಬೆರಳೂ ಹೊರಟಿರುತ್ತೆ. ಏಟಿಗಿಂತ ಏಟಿನ ಮಧ್ಯದ ಜಾಗ ಮುಖ್ಯ ಅಂತ ಟೀಚರ್ ಹೇಳುತ್ತಿದ್ದದ್ದು ನನಗೆ ಆಗ ಅರ್ಥವಾಯಿತು.

ಕಡ್ಡಿಯ ಮೇಲೆ ಜಾರುವ ಒಂದು ಪುಟ್ಟ ತೂಕ ಇದೆ. ಮೇಲಕ್ಕೆ ತಂದರೆ ನಿಧಾನ, ಕೆಳಕ್ಕೆ ಇಳಿಸಿದರೆ ವೇಗ. ಕೆಳಗೆ, ಕಣ್ಣಿಗೆ ಕಾಣದ ಹಾಗೆ, ಇನ್ನೊಂದು ದೊಡ್ಡ ತೂಕ. ಜಾಣತನವೆಲ್ಲ ಈ ಎರಡನೆಯದರಲ್ಲಿದೆ. ಮಾಮೂಲಿ ಲೋಲಕ ಸೆಕೆಂಡಿಗೊಮ್ಮೆ ಟಿಕ್ ಅನ್ನಬೇಕಾದರೆ ಸುಮಾರು ಒಂದು ಮೀಟರ್ ಉದ್ದ ಇರಬೇಕು. ನಿಮಿಷಕ್ಕೆ 40 ಏಟು ಬೇಕೆಂದರೆ ಎರಡು ಮೀಟರ್ ದಾಟುತ್ತೆ. ಅಂಥದ್ದನ್ನು ಪಿಯಾನೋ ಮೇಲೆ ಎಲ್ಲಿ ಇಡೋದು? 1814ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿದ್ದ ವಿಂಕೆಲ್ ಎಂಬಾತ, ತಿರುಗುವ ಮೊಳೆಯ ಮೇಲೊಂದು ಕೆಳಗೊಂದು ತೂಕ ಇಟ್ಟರೆ ಗೇಣುದ್ದದ ಕಡ್ಡಿಯೂ ಅಷ್ಟೇ ನಿಧಾನವಾಗಿ ತೂಗುತ್ತೆ ಅಂತ ಕಂಡುಕೊಂಡ. ಮರುವರ್ಷ ಮೆಲ್ಟ್ಸೆಲ್ ಎಂಬಾತ ಅದಕ್ಕೊಂದು ಅಂಕಿಯ ಪಟ್ಟಿ ಸೇರಿಸಿ ತನ್ನ ಹೆಸರಲ್ಲಿ ಪೇಟೆಂಟ್ ತೆಗೆದುಕೊಂಡ. ಹಳೇ ಸ್ವರಲಿಪಿಗಳ ಮೇಲೆ ಕಾಣುವ ಎಂ.ಎಂ. ಅಂದರೆ ಮೆಲ್ಟ್ಸೆಲ್‌ನ ಮೆಟ್ರೊನೋಮ್. ವಿಂಕೆಲ್‌ಗೆ ಒಂದು ಅಕ್ಷರವೂ ಸಿಗಲಿಲ್ಲ ಪಾಪ.

ಆ ಅಂಕಿಯ ಪಟ್ಟಿ ನನ್ನಂಥವಳಿಗೆ ಹಬ್ಬ. 40ರಿಂದ 208ರವರೆಗೆ 39 ಗುರುತು. ಆದರೆ ಒಂದೊಂದಾಗಿ ಏರುವುದಿಲ್ಲ. 60ರವರೆಗೆ ಎರಡೆರಡು, 72ರವರೆಗೆ ಮೂರು ಮೂರು, 120ರವರೆಗೆ ನಾಲ್ಕು ನಾಲ್ಕು, 144ರವರೆಗೆ ಆರಾರು, ಆಮೇಲೆ ಎಂಟೆಂಟು. ಮೊದಲು ವಿಚಿತ್ರ ಅನ್ನಿಸಿತು. ಕ್ಯಾಲ್ಕುಲೇಟರ್ ಹಿಡಿದು ನೋಡಿದೆ. ಪ್ರತಿ ಮೆಟ್ಟಿಲೂ ಹಿಂದಿನದಕ್ಕಿಂತ ಶೇಕಡ 3ರಿಂದ 6ರಷ್ಟೇ ಜಾಸ್ತಿ. ಅಂದರೆ ಎಲ್ಲಿ ನಿಂತಿದ್ದರೂ ಮುಂದಿನ ಮೆಟ್ಟಿಲು ಹೆಚ್ಚು ಕಡಿಮೆ ಅಷ್ಟೇ ಎತ್ತರ. ಆ್ಯಪಿನಲ್ಲಿ 67, 68, 69 ಅಂತ ಒಂದೊಂದೇ ಏರಿಸುತ್ತಾ ಕಾಲ ಕಳೆಯುತ್ತಿದ್ದೆ. 67ಕ್ಕೂ 68ಕ್ಕೂ ನನ್ನ ಬೆರಳಿಗೆ ಏನು ವ್ಯತ್ಯಾಸ ಗೊತ್ತಾಗಬೇಕು? ಇಲ್ಲಿ ಮಧ್ಯದ ಅಂಕಿಗಳೇ ಇಲ್ಲ. 66 ಆಯಿತಾ, 69ಕ್ಕೆ ಬಾ. ಆಗಲಿಲ್ಲವಾ, 63ಕ್ಕೆ ಇಳಿ.

ಈಗ ಮೊದಲ ವಾರದ ವಿಷಯ. ಆಗ ನಾನು ನುಡಿಸುತ್ತಿದ್ದದ್ದು ಜಿ ಮೇಜರ್ ಮಿನುಯೆಟ್ ಎಂಬ ಪುಟ್ಟ ನೃತ್ಯಸಂಗೀತ. ಪಿಯಾನೋ ಕಲಿಯುವವರೆಲ್ಲ ಒಂದಲ್ಲ ಒಂದು ದಿನ ಹಾದು ಹೋಗುವ ದಾರಿ ಅದು. ಬಹಳ ಕಾಲ ಬಾಖ್ ಹೆಸರಲ್ಲೇ ಓಡಾಡಿತು, ಬರೆದದ್ದು ಪೆಟ್ಸೋಲ್ಡ್. ಮೂರು ಮೂರು ಏಟಿನ ತುಣುಕುಗಳು, ಅವಕ್ಕೆ ಬಾರ್ ಅಂತ ಹೆಸರು, ಒಟ್ಟು 32. ಮೊದಲ ಬಾರಿನಲ್ಲಿ ಬಲಗೈಗೆ ಒಂದು ಕ್ರಾಚೆಟ್ (ಒಂದು ಏಟಿನ ಸ್ವರ), ಆಮೇಲೆ ನಾಲ್ಕು ಕ್ವೇವರ್ (ಅರ್ಧ ಏಟಿನವು). ಮೆಟ್ರೊನೋಮನ್ನು 80ಕ್ಕೆ ಇಟ್ಟು ಶುರು ಮಾಡಿದೆ. ಎರಡನೇ ಬಾರ್‌ನಲ್ಲೇ ಅದು ಹಿಂದೆ ಬಿತ್ತು. ಅಂದರೆ ಹಾಗೆ ನನಗನ್ನಿಸಿತು. ಕೀಲಿ ಕಮ್ಮಿ ಆಯಿತೇನೋ ಅಂತ ಮತ್ತೆ ತಿರುಗಿಸಿದೆ. ಮತ್ತೆ ಹಿಂದೆ ಬಿತ್ತು. ಮೇಜಿನ ಕಾಲನ್ನು ಮತ್ತೊಮ್ಮೆ ನೋಡಿದೆ. ಕೊನೆಗೆ ಗಡಿಯಾರ ಹಿಡಿದುಕೊಂಡು ಒಂದು ನಿಮಿಷ ಎಣಿಸಿದೆ. 81. ಯಂತ್ರ ಸರಿಯಾಗಿಯೇ ಇತ್ತು.

ಈ ಸಲ ನೆಲ ಡೊಂಕಿರಲಿಲ್ಲ.

ಆ ನಾಲ್ಕು ಕ್ವೇವರ್‌ಗಳನ್ನು ನಾನು ಬುಟ್ಟಿಯಿಂದ ಸುರಿದ ಹಾಗೆ ಸುರಿಯುತ್ತಿದ್ದೆ. ಬೆರಳಿಗೆ ಸುಲಭ, ಅದಕ್ಕೇ ಓಟ. ಟೀಚರ್ ಹೇಳಿದ್ದನ್ನು ಮರದ ಗೋಪುರ ಒಂದೇ ನಿಮಿಷದಲ್ಲಿ ಒಪ್ಪಿಸಿತು. ಮನುಷ್ಯರ ಜೊತೆ ವಾದ ಮಾಡಬಹುದು, ಇದರ ಜೊತೆ ಏನು ವಾದ?

ಸ್ಕೇಲ್‌ಗಳಲ್ಲಿ, ಅಂದರೆ ಸ್ವರಗಳನ್ನು ಒಂದೊಂದಾಗಿ ಏರುತ್ತಾ ಇಳಿಯುತ್ತಾ ನುಡಿಸುವ ಅಭ್ಯಾಸದಲ್ಲಿ, ಇನ್ನೂ ಮಾನ ಹೋಯಿತು. ಸಿ ಮೇಜರ್ ಏರುವಾಗ ಬಲಗೈಯ ಹೆಬ್ಬೆರಳು ಮೂರನೇ ಬೆರಳಿನ ಅಡಿಯಲ್ಲಿ ನುಸುಳಿ ಎಫ್ ಸ್ವರ ಹಿಡಿಯಬೇಕು. ನನ್ನ ಎಫ್ ಪ್ರತಿ ಸಲವೂ ಕೂದಲೆಳೆಯಷ್ಟು ತಡ, ಜೊತೆಗೆ ಒಂದು ಗುದ್ದು. ಎಡಗೈಯಲ್ಲಿ ಮೂರನೇ ಬೆರಳು ಹೆಬ್ಬೆರಳನ್ನು ದಾಟಿ ಎ ಮೇಲೆ ಇಳಿಯುತ್ತೆ, ತಡ ಆಗುವುದು ಅಲ್ಲಿ. ಎರಡೂ ಕೈ ಸೇರಿಸಿದರೆ ಒಂದು ಕೈ ಎಫ್‌ನಲ್ಲಿ ಎಡವುತ್ತೆ, ಇನ್ನೊಂದು ಎ ಹತ್ತಿರ. ಮೆಟ್ರೊನೋಮ್ ಇಲ್ಲದಿದ್ದಾಗ ಎರಡು ಕೈಗಳೂ ಒಂದರ ತಪ್ಪನ್ನು ಇನ್ನೊಂದು ಮುಚ್ಚಿಕೊಂಡು ಆರಾಮಾಗಿದ್ದವು. ಇದನ್ನು ಸರಿ ಮಾಡಿಕೊಳ್ಳಲು ಟೀಚರ್ ಕೊಟ್ಟ ಉಪಾಯ ಚೆನ್ನಾಗಿತ್ತು. ಇಡೀ ಸ್ಕೇಲ್ ಬೇಡ, ಇ-ಎಫ್, ಇ-ಎಫ್, ಆ ಎರಡೇ ಸ್ವರ. 60ರಲ್ಲಿ, ಏಟಿಗೆ ಒಂದು. ಹೆಬ್ಬೆರಳು ಇ ನುಡಿಯುವಾಗಲೇ ಎಫ್ ಮೇಲೆ ಹೋಗಿ ಕಾದು ಕೂತಿರಬೇಕು. ಹತ್ತು ದಿನ ಅದನ್ನೇ ಮಾಡಿದೆ. ಮನೆಯವರ ತಾಳ್ಮೆಯ ಬಗ್ಗೆ ಇಲ್ಲಿ ಬರೆಯುವುದಿಲ್ಲ.

ನನಗೆ ಇದರಿಂದ ಆದ ದೊಡ್ಡ ಲಾಭ ಬೇರೆ. ಅಂಕಿ ಇದ್ದ ಕಡೆ ಪುಸ್ತಕ ತೆರೆಯುವುದು ನನ್ನ ಅಭ್ಯಾಸ. ಒಂದು ನೋಟ್‌ಬುಕ್ಕಿನಲ್ಲಿ ಮಿನುಯೆಟ್ಟನ್ನು ಎಂಟೆಂಟು ಬಾರಿನ ನಾಲ್ಕು ತುಂಡು ಮಾಡಿದೆ. ಯಾವ ತುಂಡು ಯಾವ ಅಂಕಿಯಲ್ಲಿ ತಪ್ಪಿಲ್ಲದೆ ಮೂರು ಸಲ ಬಂತೋ ಆ ಅಂಕಿ ಬರೆಯುವುದು. ಮೂರು ವಾರ ಆದ ಮೇಲೆ ಪುಟ ನೋಡಿದರೆ ಹೀಗಿತ್ತು: ಮೊದಲ ತುಂಡು 112, ಎರಡನೆಯದು 104, ಮೂರನೆಯದು 72, ನಾಲ್ಕನೆಯದು 80.

ಒಂದೇ ಪಾಠದಲ್ಲಿ ನಾಲ್ಕು ವೇಗ! ಮೂರನೇ ತುಂಡು, ಅಂದರೆ ಎರಡನೇ ಭಾಗದ ಶುರು, ಸಿ ಶಾರ್ಪ್ ಸ್ವರ ಬಂದು ಡಿ ಮೇಜರ್ ಎಂಬ ಬೇರೆ ಸ್ಕೇಲಿನ ಕಡೆ ತಿರುಗುವ ಜಾಗ. ಅಲ್ಲಿ ಕಷ್ಟ ಇದೆ ನಿಜ, ಆದರೆ 40ರಷ್ಟು ಹಿಂದೆ ಬೀಳುವಷ್ಟು ಅಲ್ಲ. ಕಾರಣ ಇನ್ನೊಂದು ಕಾಲಮ್ಮಿನಲ್ಲಿತ್ತು. ಯಾವ ತುಂಡನ್ನು ಎಷ್ಟು ಸಲ ನುಡಿಸಿದೆ ಅಂತಲೂ ಗೆರೆ ಎಳೆಯುತ್ತಿದ್ದೆ. ಮೊದಲನೆಯದಕ್ಕೆ ಗೆರೆಗಳ ಕಾಡು. ಮೂರನೆಯದಕ್ಕೆ ಅದರ ಕಾಲು ಭಾಗವೂ ಇಲ್ಲ. ಎಲ್ಲಿ ತಪ್ಪಿದರೂ ಮತ್ತೆ ಮೊದಲಿಂದ ಶುರು ಮಾಡುವುದು ನನ್ನ ಚಾಳಿ. ಹಾಗಾಗಿ ಬರುವುದನ್ನೇ ಬರಿಸಿಕೊಳ್ಳುತ್ತಾ ಅರ್ಧ ಗಂಟೆ ಮುಗಿಸಿ, ಇವತ್ತು ಚೆನ್ನಾಗಿ ಪ್ರಾಕ್ಟೀಸ್ ಮಾಡಿದೆ ಅಂತ ಎದ್ದು ಹೋಗುತ್ತಿದ್ದೆ.

ಅವತ್ತಿನಿಂದ ದಿನದ ಮೊದಲ ಕೆಲಸ ಮೂರನೇ ತುಂಡು. ಅದೂ ತಪ್ಪುವ ಬಾರಿನಿಂದ ಅಲ್ಲ, ಅದಕ್ಕೆ ಒಂದು ಬಾರ್ ಹಿಂದಿನಿಂದ. ತಪ್ಪುವ ಜಾಗ ಒಂದೇ ಆದರೆ ಚೆನ್ನಾಗಿಯೇ ಬರುತ್ತಿತ್ತು, ಒಳಗೆ ಕಾಲಿಡುವುದರಲ್ಲೇ ತಕರಾರು. ಒಂದು ಮೆಟ್ಟಿಲು ಹತ್ತುವ ಮೊದಲು ಮೂರು ಸಲ ಸರಿಯಾಗಿ ಬರಬೇಕು. ಮೂರನೇ ಸಲ ತಪ್ಪಿದರೆ ಎಣಿಕೆ ಸೊನ್ನೆಯಿಂದ. ಹಾಗೆ ಹೋಗಿ ಹೋಗಿ ಒಂದೂವರೆ ತಿಂಗಳಿಗೆ ನಾಲ್ಕೂ ತುಂಡು 104ಕ್ಕೆ ಬಂದವು. ಮೊದಲ ತುಂಡಿನ 112ನ್ನು ನಾನೇ ಇಳಿಸಿದೆ. ಇಡೀ ಪಾಠದ ವೇಗ ಅಂದರೆ ಅದರ ಅತಿ ಕಷ್ಟದ ಬಾರಿನ ವೇಗ, ಅಲ್ವಾ?

ಇಷ್ಟೆಲ್ಲ ಹೊಗಳಿದ ಮೇಲೆ ಇದು ನನ್ನನ್ನು ಕೆಡಿಸಿದ್ದನ್ನೂ ಹೇಳಬೇಕು.

ಆರು ತಿಂಗಳಿಗೆ ನಾನು ಮೆಟ್ರೊನೋಮ್ ಇಲ್ಲದೆ ಕೂರುವುದನ್ನೇ ಬಿಟ್ಟಿದ್ದೆ. ಒಂದು ಸಂಜೆ ಮಿನುಯೆಟ್ ಪೂರ್ತಿ, 108ರಲ್ಲಿ, ಒಂದು ತಪ್ಪೂ ಇಲ್ಲದೆ ಮುಗಿಸಿ ಹೆಮ್ಮೆಯಿಂದ ತಿರುಗಿದೆ. ಮಗಳು ಹೋಮ್‌ವರ್ಕಿನಿಂದ ತಲೆ ಎತ್ತದೆ ಹೇಳಿದಳು: "ಅಮ್ಮಾ, ನೀನು ಟೈಪ್ ಮಾಡ್ತಾ ಇರೋ ಹಾಗೆ ಕೇಳಿಸ್ತು."

ಹೊಟ್ಟೆ ಉರಿಯಿತು, ಆದರೆ ರೆಕಾರ್ಡ್ ಮಾಡಿ ಕೇಳಿದರೆ ಅವಳ ಮಾತು ಸರಿ. ಎಲ್ಲ ಸ್ವರವೂ ಒಂದೇ ತೂಕ. ಎಲ್ಲೂ ಉಸಿರಿಲ್ಲ. ಟೀಚರ್ ಅದನ್ನು ಕೇಳಿ ನಕ್ಕು, ಕಡ್ಡಿಯನ್ನು ಕೊಕ್ಕೆಗೆ ಸಿಕ್ಕಿಸಿ, "ಹಾಡಿ" ಅಂದರು. ನನ್ನ ಕಂಠ ಕೇಳಿದರೆ ಕಾಗೆಯೂ ಮರ ಬದಲಿಸುತ್ತೆ. ಆದರೂ ಹಾಡಿದೆ. ಹಾಡುವಾಗ ಎಂಟನೇ ಬಾರಿನ ಕೊನೆಗೆ ತಾನಾಗಿ ಉಸಿರು ತೆಗೆದುಕೊಂಡೆ. ಅದಕ್ಕೆ ಮುಂಚೆ ಸ್ವಲ್ಪ ಮೆಲ್ಲಗಾದೆ. ಯಾರೂ ಹೇಳಿಕೊಟ್ಟದ್ದಲ್ಲ. "ಇದನ್ನೇ ಕೈಯಲ್ಲಿ ಮಾಡಿ" ಅಂದರು. ಎಡಗೈ ಒಂದೇ ನುಡಿಸುತ್ತಾ ಬಲಗೈಯ ರಾಗವನ್ನು ಬಾಯಲ್ಲಿ ಹಾಡುವುದು ಈಗ ನನ್ನ ದಿನದ ಪಾಠ. ಮೊದಮೊದಲು ಎರಡು ಬಾರ್ ಆಗುವಷ್ಟರಲ್ಲೇ ಎಡಗೈ ಮುಷ್ಕರ ಹೂಡುತ್ತಿತ್ತು.

ಪಿಯಾನೋ ಸಂಗೀತ ಬರೆದ ಶೋಪಾನ್ ಪಾಠ ಹೇಳುವಾಗ ಅವನ ಪಿಯಾನೋ ಮೇಲೆ ಮೆಟ್ರೊನೋಮ್ ಇದ್ದೇ ಇರುತ್ತಿತ್ತು ಅಂತ ಅವನ ಶಿಷ್ಯ ಮಿಕುಲಿ ಬರೆದಿಟ್ಟಿದ್ದಾನೆ. ರಾಗವನ್ನು ಎಳೆದು ಬಿಟ್ಟು ನುಡಿಸುವುದಕ್ಕೆ ಹೆಸರಾದವನ ಮನೆಯಲ್ಲಿ! ಎಡಗೈ ಲಯ ಬಿಡಬಾರದು, ಬಲಗೈ ಅದರ ಮೇಲೆ ಸ್ವಲ್ಪ ಆಚೆ ಈಚೆ ಆಡಬಹುದು ಅನ್ನುವುದು ಅವನ ಪಾಠವಂತೆ. ಇನ್ನೊಂದು ಕಡೆ ಬೇಥೋವನ್ ತನ್ನ ಹ್ಯಾಮರ್‌ಕ್ಲಾವಿಯರ್ ಸೊನಾಟಾದ ಮೊದಲ ಭಾಗಕ್ಕೆ 138 ಅಂತ ಬರೆದ, ಅದೂ ಎರಡು ಕ್ರಾಚೆಟ್ ಉದ್ದದ ಮಿನಿಮ್ ಸ್ವರಕ್ಕೆ. ಅಷ್ಟು ವೇಗ ಸಾಧ್ಯವೇ, ಸರಿಯೇ ಅಂತ ಪಿಯಾನಿಸ್ಟುಗಳು ಇವತ್ತಿಗೂ ಜಗಳ ಆಡುತ್ತಾರೆ. ಬಹಳ ಮಂದಿ ಅದಕ್ಕಿಂತ ನಿಧಾನವಾಗಿಯೇ ನುಡಿಸುತ್ತಾರೆ. ಆ ಅಂಕಿ ನೋಡಿದಾಗೆಲ್ಲ ನನಗೆ ಸ್ವಲ್ಪ ಸಮಾಧಾನ.

ಈಗ ಕೊರತೆಗಳು. ಸದ್ದು ಕಮ್ಮಿ ಮಾಡುವ ದಾರಿ ಇಲ್ಲ. ಮೆಲ್ಲಗೆ ನುಡಿಸುವ ಜಾಗದಲ್ಲಿ ಟಿಕ್ ಟಿಕ್ಕೇ ದೊಡ್ಡದು. ಡಿಜಿಟಲ್ ಪಿಯಾನೋ ಇಟ್ಟುಕೊಂಡು ಹೆಡ್‌ಫೋನಿನಲ್ಲಿ ನುಡಿಸುವವರು ಇದನ್ನು ತರಲೇಬೇಡಿ. ಕೇಳಿಸುವುದಿಲ್ಲ, ನಿಮ್ಮ ಪಿಯಾನೋದಲ್ಲೇ ಒಂದು ಇರುತ್ತೆ. ನನ್ನದರಲ್ಲಿ ಗಂಟೆ ಇದೆ, ಪಕ್ಕದ ಗುಂಡಿ ಎಳೆದರೆ ಎರಡು, ಮೂರು, ನಾಲ್ಕು, ಆರು ಏಟಿಗೊಮ್ಮೆ ಟಿಂಗ್ ಅನ್ನುತ್ತೆ. ಒಂದು ತಿಂಗಳು ಖುಷಿ, ಆಮೇಲೆ ತಲೆನೋವು. ಕೀಲಿ ಪೂರ್ತಿ ಕೊಟ್ಟರೂ ನನ್ನದು ಇಪ್ಪತ್ತು ನಿಮಿಷಕ್ಕೆ ಸುಸ್ತಾಗುತ್ತೆ.

ದೊಡ್ಡ ಕೊರತೆ ಅಂದರೆ 40ರ ಕೆಳಗೆ ಇಳಿಯದಿರುವುದು. ಪ್ರತಿ ಏಟಿಗೂ ಟಿಕ್ ಕೇಳಿ ಅಭ್ಯಾಸ ಆದ ಮೇಲೆ, ಒಂದು ಬಾರ್‌ಗೆ ಒಂದೇ ಟಿಕ್ ಇಟ್ಟುಕೊಳ್ಳಿ, ಮಿಕ್ಕ ಎರಡು ಏಟು ನಿಮ್ಮ ಜವಾಬ್ದಾರಿ ಅಂತ ಟೀಚರ್ ಹೇಳಿದರು. ಬಹಳ ಒಳ್ಳೆ ಅಭ್ಯಾಸ, ಲಯ ಹೊರಗಿನಿಂದ ಒಳಗೆ ಬರುವುದೇ ಇಲ್ಲಿ. ಆದರೆ 108ರ ಮಿನುಯೆಟ್ಟಿಗೆ ಬಾರ್‌ಗೊಂದು ಅಂದರೆ 36. ಗೋಪುರದಲ್ಲಿ 36 ಇಲ್ಲ. 40ಕ್ಕೆ ಇಟ್ಟರೆ ಕ್ರಾಚೆಟ್ 120 ಆಗುತ್ತೆ, ನನ್ನ ಕೈಗೆ ಅದು ಇನ್ನೂ ದೂರ. ಹಾಗಾಗಿ ಈ ಒಂದು ಕೆಲಸಕ್ಕೆ ಮತ್ತೆ ಫೋನನ್ನೇ ತೆಗೆದೆ. ಈ ಸಲ ನೆಟ್ ಆಫ್ ಮಾಡಿ.

ಯಾರಿಗೆ ಇದು ಸರಿ? ಒಂದು ಪಾಠವನ್ನು ನಿಧಾನವಾಗಿಯಾದರೂ ಕೊನೆವರೆಗೆ ನುಡಿಸಬಲ್ಲವರಿಗೆ. ಸ್ವರ ಹುಡುಕುವ ಹಂತದಲ್ಲಿ ಇರುವವರ ಪಕ್ಕ ಇದನ್ನಿಡುವುದು ನಡೆಯಲು ಕಲಿಯುವ ಮಗುವಿನ ಹಿಂದೆ ಬಸ್ಸು ಹಾರ್ನ್ ಹೊಡೆದ ಹಾಗೆ. ನನ್ನ ಮಗಳು ಒಂದು ವಾರ ಇದನ್ನು ನೋಡಿದ ಕೂಡಲೇ ಅಳುತ್ತಿದ್ದಳು. ಅವಳಿಗೆ ಟೀಚರ್ ಇದನ್ನು ಬಿಡಿಸಿ, ಬಾಯಲ್ಲಿ ಎಣಿಸುತ್ತಾ ಚಪ್ಪಾಳೆ ತಟ್ಟಿಸುತ್ತಾರೆ. ನಾನಂತೂ ಈಗ ಇದನ್ನು ಮೊದಲ ಹತ್ತು ನಿಮಿಷ ಮತ್ತು ಅನುಮಾನ ಬಂದಾಗ ಮಾತ್ರ ಓಡಿಸುತ್ತೇನೆ. ಮಿಕ್ಕ ಹೊತ್ತು ಕಡ್ಡಿ ಕೊಕ್ಕೆಯಲ್ಲೇ.

ಹೋದ ತಿಂಗಳು ಒಂದು ದಿನ ರೆಕಾರ್ಡ್ ಹಾಕಿ, 108ರಲ್ಲಿ ಇದನ್ನು ಓಡಿಸಿ, ಮಿನುಯೆಟ್ ನುಡಿಸಿದೆ. ಮುಗಿಸಿ ನೋಡಿದರೆ ಕಡ್ಡಿ ಸುಮ್ನೆ ನಿಂತಿದೆ. ಯಾವಾಗ ನಿಂತಿತೋ ನನಗೆ ಗೊತ್ತೇ ಆಗಿಲ್ಲ. ರೆಕಾರ್ಡ್ ಕೇಳಿದೆ. ಟಿಕ್ ಸದ್ದು ಮೆಲ್ಲಗಾಗುತ್ತಾ 13ನೇ ಬಾರಿನ ಹತ್ತಿರ ಸತ್ತಿದೆ. ನಾನು 32ರವರೆಗೆ ಒಬ್ಬಳೇ ಹೋಗಿದ್ದೇನೆ. ಎಂಟನೆಯ, ಹದಿನಾರನೆಯ ಬಾರಿನಲ್ಲಿ ಉಸಿರೂ ಇದೆ. ಮತ್ತೆ ಕೀಲಿ ಕೊಟ್ಟು, ರೆಕಾರ್ಡಿನ ಕೊನೆಯ ಎಂಟು ಬಾರನ್ನು ಪಕ್ಕದಲ್ಲಿ ಹಾಕಿ, ತೂಕವನ್ನು ಜಾರಿಸುತ್ತಾ ಹೊಂದಿಸಿ ನೋಡಿದೆ. ನೋಟ್‌ಬುಕ್ಕಿನಲ್ಲಿ ಆ ದಿನದ ಸಾಲು: "ಹೊರಟದ್ದು 108. ತಲುಪಿದ್ದು 112. ಕೀಲಿ ಖಾಲಿ."